ವಸಡಿನ ವಿಷಯ, ಚಿಕ್ಕಪ್ಪನಿಗೆ

ಚಿಕ್ಕಪ್ಪ, ನಿಮ್ಮ ಸಂದೇಶ ಈಗಷ್ಟೇ ಕೇಳಿದೆ. ನನ್ನದು ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿ. ಹಲ್ಲುಜ್ಜುವಾಗ ರಕ್ತ ಬರುತ್ತದೆ, ನೋವಂತೂ ಇಲ್ಲ, ಹಾಗಾಗಿ ಆ ಕಡೆ ಬ್ರಷ್ ತಾಗಿಸುವುದನ್ನೇ ಬಿಟ್ಟಿದ್ದೇನೆ ಎಂದಿರಲ್ಲ, ಎದೆ ಧಸಕ್ಕೆಂದಿತು. ಎರಡು ವರ್ಷ ನಾನು ಮಾಡಿದ್ದೂ ಅದನ್ನೇ.

ಉಜ್ಜದೆ ಬಿಟ್ಟ ಜಾಗದಲ್ಲೇ ಕೊಳೆ ಕೂತು ಕಲ್ಲಿನಂತಾಗುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ. ವಸಡು ಬರೀ ಊದಿಕೊಂಡಿದ್ದರೆ ಪೂರ್ತಿ ವಾಸಿಯಾಗುತ್ತದೆ. ಹಲ್ಲನ್ನು ಹಿಡಿದಿರುವ ಮೂಳೆ ಕರಗಿತೋ, ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಇಷ್ಟೆಲ್ಲ ಆಗುವಾಗಲೂ ನೋವು ಇಲ್ಲದಿರಬಹುದು.

ನೋವಿಲ್ಲದೆಯೇ ನಾನು ಏನೇನು ಬಿಟ್ಟೆ ಗೊತ್ತೇ? ಮೊದಲು ಗಟ್ಟಿ ತಿನಿಸು. ಆಮೇಲೆ ಒಂದೇ ದವಡೆಯಲ್ಲಿ ಅಗಿಯುವುದು ರೂಢಿಯಾಯಿತು. ಪಂಕ್ತಿಯಲ್ಲಿ ಎಲ್ಲರೂ ಎದ್ದ ಮೇಲೂ ನಾನೊಬ್ಬನೇ ಕೂತಿರುತ್ತಿದ್ದೆ. ಬಾಯಿಯ ವಾಸನೆ ನನಗೆ ತಿಳಿಯುತ್ತಿರಲಿಲ್ಲ, ಎದುರಿನವರು ಅರ್ಧ ಹೆಜ್ಜೆ ಹಿಂದೆ ಸರಿದದ್ದು ಮಾತ್ರ ಕಾಣುತ್ತಿತ್ತು. ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ಗಂಭೀರನಾಗಿದ್ದಾನೆ ಎಂದು ನೀವೇ ಹೊಗಳಿದ್ದಿರಿ, ನೆನಪಿದೆಯೇ!

ಬಾಯಿಯ ಕಾಯಿಲೆ ಬದುಕಿಗೆ ಎಷ್ಟು ತೊಡಕು ಎಂದು ಅಳೆಯಲು 14 ಪ್ರಶ್ನೆಗಳ ಒಂದು ಪಟ್ಟಿಯನ್ನು 1997ರಿಂದ ಸಂಶೋಧಕರು ಬಳಸುತ್ತಿದ್ದಾರೆ. ನೋವಿನ ಪ್ರಶ್ನೆ ಅದರಲ್ಲಿ ಒಂದು ಪಾಲು ಅಷ್ಟೇ. ಸಂಕೋಚವಾಯಿತೇ, ಊಟ ನಡುವೆ ನಿಲ್ಲಿಸಬೇಕಾಯಿತೇ, ಇತರರ ಮೇಲೆ ಸಿಡುಕಿದಿರೇ ಎಂದೂ ಅದು ಕೇಳುತ್ತದೆ. ಕೊನೆಯದಕ್ಕೆ ನನ್ನ ಪರವಾಗಿ ಮನೆಯವಳೇ ಉತ್ತರಿಸಬಲ್ಲಳು.

ನಿಮಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ. ಪಕ್ಕದಲ್ಲಿ ಕೂತು ಇದನ್ನು ಕೇಳುತ್ತಿರುವ ಮಾವ, ಸಿಗರೇಟು ಸೇದುವ ನೀವು ನಗಬೇಡಿ. ಸಿಗರೇಟು ಸೇದುವವರಿಗೆ ವಸಡು ಹಾಳಾಗಿದ್ದರೂ ರಕ್ತ ಅಷ್ಟಾಗಿ ಕಾಣಿಸುವುದಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ಚಿಕ್ಕಮ್ಮ ಹೇಳುತ್ತಿದ್ದರಲ್ಲ, ನನಗೂ ಹಾಗೇ ಅನ್ನಿಸಿತ್ತು. ಕಲ್ಲು ಹೋದ ಕಡೆ ಸಂದು ಕಂಡಿತು, ಕೆಲವು ದಿನ ತಣ್ಣೀರು ಜುಮ್ಮೆಂದಿತು. ಹಲ್ಲು ಸಡಿಲವಾದದ್ದು ಅದಕ್ಕೂ ಮೊದಲೇ, ಮೂಳೆ ಕರಗಿ. ಕಳೆದುಕೊಂಡ ಒಂದು ಹಲ್ಲು ಬಿಟ್ಟರೆ ಉಳಿದವು ಈಗ ನೆಟ್ಟಗಿವೆ.

ಶನಿವಾರ ಬೆಳಿಗ್ಗೆ ಬರುತ್ತೇನೆ, ಇಬ್ಬರೂ ದಂತವೈದ್ಯರ ಹತ್ತಿರ ಹೋಗೋಣ. ಸಕ್ಕರೆ ಪರೀಕ್ಷೆಯ ವರದಿ ತೆಗೆದಿಟ್ಟುಕೊಳ್ಳಿ. ಅಲ್ಲಿಯವರೆಗೆ ಆ ಕಡೆಯೂ ಮೆಲ್ಲಗೆ ಬ್ರಷ್ ಆಡಿಸಿ, ರಕ್ತ ಬಂದರೂ ಸರಿ.