ಬ್ಲಾಗ್ ಗೂಗಲ್‌ನಲ್ಲಿ ಕಾಣುತ್ತಿಲ್ಲವೇ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ಎಸ್‌ಇಒ ಮೇಡಂ ನಮ್ಮ ಜೊತೆ ಇದ್ದಾರೆ. ಗೂಗಲ್ ಹುಡುಕಾಟದಲ್ಲಿ ಸೈಟ್ ಕಾಣುವಂತೆ ಮಾಡುವುದೇ ಅವರ ವೃತ್ತಿ. ಕನ್ನಡದಲ್ಲಿ ಬ್ಲಾಗ್ ಬರೆಯುವವರು ಕೇಳಬಹುದು. ಫಾರ್ವರ್ಡ್ ಹಾಕಬೇಡಿ. ಮೇಲೆ ಉತ್ತರ ಬಂದಿದೆಯಾ ನೋಡಿಕೊಂಡು ಕೇಳಿ.

ಚಾರಣಿಗ: ಮೇಡಂ, ವರ್ಡ್‌ಪ್ರೆಸ್‌ನಲ್ಲಿ ಹೊಸ ಬ್ಲಾಗ್ ಮಾಡಿದ್ದೇನೆ. ಕುಮಾರಪರ್ವತ, ಕೊಡಚಾದ್ರಿ, ಕುದುರೆಮುಖ ಎಲ್ಲ ಬರೆದಾಯಿತು. ಗೂಗಲ್‌ನಲ್ಲಿ ಒಂದೂ ಬರುತ್ತಿಲ್ಲ. ಬ್ಲಾಗಿನ ಹೆಸರು ಹೊಡೆದರೂ ಇಲ್ಲ.

ಎಸ್‌ಇಒ ಮೇಡಂ: ಡ್ಯಾಶ್‌ಬೋರ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ರೀಡಿಂಗ್ ತೆಗೆಯಿರಿ. ಸರ್ಚ್ ಇಂಜಿನ್‌ಗಳು ಈ ಕಡೆ ಬರುವುದು ಬೇಡ ಅನ್ನುವ ಅರ್ಥದ ಒಂದು ಚೌಕ ಕೆಳಗಡೆ ಇರುತ್ತದೆ. ಅದರಲ್ಲಿ ಟಿಕ್ ಇದೆಯಾ?

ಚಾರಣಿಗ: ಅಯ್ಯೋ, ಇತ್ತು! ತೆಗೆದೆ. ಇನ್ನು ಎಷ್ಟು ದಿನ ಬೇಕು?

ಎಸ್‌ಇಒ ಮೇಡಂ: ಕೆಲವು ದಿನವೂ ಆಗಬಹುದು, ಕೆಲವು ವಾರವೂ ಆಗಬಹುದು. ಸೈಟ್ ಮಾಲೀಕರಿಗಾಗಿ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಸೈಟ್ ಸೇರಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಕೊಡಿ. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ಅದನ್ನು ತಾನೇ ತಯಾರಿಸುತ್ತದೆ, ಬೇರೆ ಪ್ಲಗಿನ್ (ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಬೇಕಿಲ್ಲ. ಮುಖ್ಯವಾದ ಒಂದೆರಡು ಪುಟಕ್ಕೆ 'ರಿಕ್ವೆಸ್ಟ್ ಇಂಡೆಕ್ಸಿಂಗ್' ಒತ್ತಿ, ಅಂದರೆ ಗೂಗಲ್‌ನ ಪಟ್ಟಿಗೆ (ಇಂಡೆಕ್ಸ್) ಸೇರಿಸಿ ಅಂತ ಕೇಳಿ, ಸಾಕು. ದಿನಾ ಒತ್ತಿದರೆ ಬೇಗ ಬರುತ್ತದೆ ಅಂತೇನಿಲ್ಲ.

ಹೊಸ ಲೇಖನಿ: ನಮಸ್ತೆ ಮೇಡಂ. ಕೀವರ್ಡ್‌ಗಳನ್ನು ಎಲ್ಲಿ ತುಂಬಬೇಕು? ಮೆಟಾ ಕೀವರ್ಡ್ ಜಾಗದಲ್ಲಿ ಎಷ್ಟು ಹಾಕಬಹುದು?

ಎಸ್‌ಇಒ ಮೇಡಂ: ಸೊನ್ನೆ. ಪುಟದ ಕೋಡಿನೊಳಗಿನ ಆ ಟ್ಯಾಗನ್ನು, ಫಲಿತಾಂಶದಲ್ಲಿ ಯಾರು ಮೇಲೆ ಅಂತ ನಿರ್ಧರಿಸುವ ರ‍್ಯಾಂಕಿಂಗ್‌ಗೆ ಬಳಸುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಜನ ಯಾವ ಮಾತಿನಲ್ಲಿ ಹುಡುಕುತ್ತಾರೋ ಆ ಮಾತು ಶೀರ್ಷಿಕೆಯಲ್ಲಿ ಬರಲಿ, ಮೊದಲ ಪ್ಯಾರಾದಲ್ಲಿ ಬರಲಿ. 'ಒಂದು ಮಳೆಗಾಲದ ನೆನಪು' ಅಂತ ಹೆಸರಿಟ್ಟು ಒಳಗೆ ಜೋಗದ ಬಸ್ ಮಾಹಿತಿ ಬರೆದರೆ ಬಸ್ ಹುಡುಕುವವನಿಗೆ ನೀವು ಸಿಗುವುದಿಲ್ಲ.

ರಾಗಿಮುದ್ದೆ: ನನ್ನದು ವಿಚಿತ್ರ ಸಮಸ್ಯೆ. ಪೋಸ್ಟ್ ಇಂಡೆಕ್ಸ್ ಆಗಿದೆ, ಸರ್ಚ್ ಕನ್ಸೋಲ್‌ನಲ್ಲೇ ನೋಡಿದೆ. ಆದರೆ ರಾಗಿ ಅಂಬಲಿ ಅಂತ ಹುಡುಕಿದರೆ ಎಷ್ಟು ಪುಟ ದಾಟಿದರೂ ಇಲ್ಲ. ಶೀರ್ಷಿಕೆಯಲ್ಲೇ ಇದೆ ಮೇಡಂ, ಅಲ್ಲಿಂದಲೇ ಕಾಪಿ ಮಾಡಿ ಹಾಕುತ್ತಿದ್ದೇನೆ ನೋಡಿ: 'ಬೇಸಿಗೆಗೆ ತಂಪು ರಾಗಿ ಅ೦ಬಲಿ'.

ಎಸ್‌ಇಒ ಮೇಡಂ: ಕಾಪಿ ಮಾಡಿ ಹಾಕಿದ್ದು ಒಳ್ಳೆಯದಾಯಿತು. ನೀವು ಈಗ ಟೈಪ್ ಮಾಡಿದ 'ಅಂಬಲಿ'ಯೂ ಶೀರ್ಷಿಕೆಯ 'ಅ೦ಬಲಿ'ಯೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಯೂನಿಕೋಡ್ ಎಂಬ ಜಾಗತಿಕ ಅಕ್ಷರ ಸಂಕೇತಗಳ ಪಟ್ಟಿಯಲ್ಲಿ 0ಸಿ82. ಶೀರ್ಷಿಕೆಯಲ್ಲಿ ಕೂತಿರುವುದು ಕನ್ನಡ ಅಂಕಿ ಸೊನ್ನೆ, 0ಸಿಇ6. ಅಂದರೆ ಯಂತ್ರದ ಲೆಕ್ಕದಲ್ಲಿ ನೀವು 'ಅ', ಸೊನ್ನೆ, 'ಬಲಿ' ಅಂತ ಬರೆದಿದ್ದೀರಿ. ಗೂಗಲ್ ಊಹಿಸಿಕೊಂಡರೆ ನಿಮ್ಮ ಅದೃಷ್ಟ, ಅದನ್ನು ನೆಚ್ಚಿಕೊಳ್ಳಬೇಡಿ. ನಿಮ್ಮ ಪುಟ ತೆರೆದು, ಬ್ರೌಸರ್‌ನ ಫೈಂಡ್‌ನಲ್ಲಿ ಸರಿಯಾದ 'ಅಂಬಲಿ' ಟೈಪ್ ಮಾಡಿ ನೋಡಿ.

ರಾಗಿಮುದ್ದೆ: ಕಣ್ಣೆದುರಿಗೇ ಇದೆ, ಸಿಕ್ಕಿಲ್ಲ ಅನ್ನುತ್ತಿದೆ! ಎಲ್ಲ ಪೋಸ್ಟ್‌ನಲ್ಲೂ ಹೀಗೇ ಇರಬೇಕು. ಒಂದೇ ಏಟಿಗೆ ರೀಪ್ಲೇಸ್ ಆಲ್ ಕೊಟ್ಟುಬಿಡಲಾ?

ಎಸ್‌ಇಒ ಮೇಡಂ: ತಡೆಯಿರಿ! ಅಳತೆಗಳನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದೀರಾ? '೧೦ ನಿಮಿಷ ಕುದಿಸಿ' ಅಂತ? ರೀಪ್ಲೇಸ್ ಆಲ್ ಕೊಟ್ಟರೆ ಆ ಹತ್ತು ಕೆಡುತ್ತದೆ, ನಿಜವಾದ ಸೊನ್ನೆಗಳೂ ಅನುಸ್ವಾರ ಆಗುತ್ತವೆ. ಒಂದೊಂದೇ ನೋಡಿ ಬದಲಿಸಿ. ಮೊದಲು ಶೀರ್ಷಿಕೆಗಳು, ಆಮೇಲೆ ಉಪಶೀರ್ಷಿಕೆಗಳು. ಉಳಿದದ್ದು ನಿಧಾನವಾಗಿ ಆಗಲಿ.

ನಿವೃತ್ತ ಮೇಷ್ಟ್ರು: ನಾನು ಹಳೆಯ ನುಡಿ ಫಾಂಟಿನಲ್ಲಿ ಬರೆದು ಅದೇ ಫಾಂಟ್ ಹಾಕಿ ಪ್ರಕಟಿಸಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಇಲ್ಲ ಅಲ್ವಾ?

ಎಸ್‌ಇಒ ಮೇಡಂ: ಇದೆ ಸರ್. ಬ್ಲಾಗಿನ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡ ಬಂದರೆ ಯೂನಿಕೋಡ್, ಚಿಂತೆಯಿಲ್ಲ. ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬಂದರೆ ಗೂಗಲ್‌ಗೂ ಕಾಣುವುದು ಅದೇ. ಯೂನಿಕೋಡ್‌ಗೆ ಪರಿವರ್ತಿಸಿ ಮತ್ತೆ ಹಾಕಬೇಕು.

ಶುಭೋದಯ ಬಳಗ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. 1) ಕೀವರ್ಡನ್ನು ಪುಟದ ಕೊನೆಗೆ ಬಿಳಿ ಅಕ್ಷರದಲ್ಲಿ 100 ಸಲ ಹಾಕಿ. 2) ಇಂಡೆಕ್ಸಿಂಗ್ ಎಪಿಐ ಹಾಕಿಕೊಂಡರೆ 1 ನಿಮಿಷದಲ್ಲಿ ಗೂಗಲ್‌ಗೆ ಬರುತ್ತದೆ. 3) ಬ್ಯಾಕ್‌ಲಿಂಕ್ (ಬೇರೆ ಸೈಟಿನಿಂದ ನಿಮ್ಮದಕ್ಕೆ ಲಿಂಕ್) ಪ್ಯಾಕೇಜ್ ಬೇಕಾದವರು ಮೆಸೇಜ್ ಮಾಡಿ.

ಎಸ್‌ಇಒ ಮೇಡಂ: ಫಾರ್ವರ್ಡ್ ಬೇಡ ಅಂತ ಅಡ್ಮಿನ್ ಮೊದಲ ಸಾಲಿನಲ್ಲೇ ಹೇಳಿದ್ದಾರೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಚ್ಚಿಡುವುದು ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲಿ ಹೆಸರು ಹಿಡಿದು ನಿಷೇಧಿಸಿರುವ ಕೆಲಸ. ಇಂಡೆಕ್ಸಿಂಗ್ ಎಪಿಐ, ಅಂದರೆ ಪುಟದ ಸುದ್ದಿಯನ್ನು ಗೂಗಲ್‌ಗೆ ನೇರ ಮುಟ್ಟಿಸುವ ವ್ಯವಸ್ಥೆ, ಇರುವುದು ಉದ್ಯೋಗದ ಜಾಹೀರಾತು ಮತ್ತು ನೇರಪ್ರಸಾರದ ಪುಟಗಳಿಗೆ. ಹೋಳಿಗೆ ಮಾಡುವ ವಿಧಾನಕ್ಕಲ್ಲ. ರ‍್ಯಾಂಕಿಂಗ್‌ಗಾಗಿ ಲಿಂಕ್ ಕೊಳ್ಳುವುದೂ ಸ್ಪ್ಯಾಮೇ. ಅಡ್ಮಿನ್, ಮೂರನೇ ಸಾಲನ್ನಾದರೂ ಅಳಿಸಿ.

ಶುಭೋದಯ ಬಳಗ: ನಾನು ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಖಾರ ಯಾಕೆ.

ಅಡುಗೆ ಅಕ್ಕ: ಮೇಡಂ, ಅರ್ಜೆಂಟ್. ನನ್ನ ವರ್ಡ್‌ಪ್ರೆಸ್ ಬ್ಲಾಗಿನಲ್ಲಿ ಇರುವುದು ಅಪ್ಪೆಮಿಡಿ ಉಪ್ಪಿನಕಾಯಿ, ತಂಬುಳಿ, ಪತ್ರೊಡೆ ಇಂಥವು. ನಿನ್ನೆ ಮಗಳು ಗೂಗಲ್‌ನಲ್ಲಿ ನೋಡಿದರೆ ನನ್ನ ಸೈಟಿನ ಹೆಸರಲ್ಲಿ ಚೀನಿಯೋ ಜಪಾನಿಯೋ ಅಕ್ಷರ ಬರುತ್ತಿದೆ. ಹ್ಯಾಂಡ್‌ಬ್ಯಾಗ್, ವಾಚಿನ ಚಿತ್ರಗಳು. ಒತ್ತಿದರೆ ಪುಟ ಸಿಗಲಿಲ್ಲ ಅನ್ನುತ್ತದೆ. ನನ್ನ ಸೈಟ್ ತೆರೆದರೆ ಎಲ್ಲ ಸರಿಯಾಗೇ ಇದೆ. ಸುಮ್ನೆ ಬಿಟ್ಟರೆ ಹೋಗುತ್ತದಾ?

ಎಸ್‌ಇಒ ಮೇಡಂ: ಬಿಡಬೇಡಿ ಅಕ್ಕ. ಉಳಿದವರು ಸ್ವಲ್ಪ ಕಾಯಿರಿ, ಇದನ್ನು ಪೂರ್ತಿ ಬರೆಯುತ್ತೇನೆ.

ನಿಮ್ಮ ಸೈಟ್ ಹ್ಯಾಕ್ ಆಗಿದೆ. ಇದಕ್ಕೆ ಜಪಾನೀಸ್ ಕೀವರ್ಡ್ ಹ್ಯಾಕ್ ಅಂತಲೇ ಹೆಸರು. ಒಳಗೆ ನುಗ್ಗಿದವರು ಅರ್ಥವಿಲ್ಲದ ಹೆಸರಿನ ಫೋಲ್ಡರ್ ಮಾಡಿ, ರಾಶಿ ರಾಶಿ ಪುಟ ತುಂಬಿಸುತ್ತಾರೆ. ಅಲ್ಲಿಂದ ನಕಲಿ ಬ್ರ್ಯಾಂಡಿನ ಮಾಲು ಮಾರುವ ಅಂಗಡಿಗಳಿಗೆ ದಾರಿ. ಅವರ ಸೈಟಿಗೆ ಗೂಗಲ್‌ನಲ್ಲಿ ಬೆಲೆ ಇಲ್ಲ, ನಿಮ್ಮ ಹಳೆಯ ಬ್ಲಾಗಿಗೆ ಇದೆ. ಅದಕ್ಕೇ ನಿಮ್ಮ ಮನೆ ಹೊಕ್ಕಿದ್ದಾರೆ. ಪುಟ ಸಿಗಲಿಲ್ಲ ಅಂತ ನಿಮಗೆ ತೋರಿಸುವುದೂ ಅವರದೇ ಕೈಚಳಕ ಇರಬಹುದು. ಮನುಷ್ಯರು ಬಂದರೆ ಒಂದು ಪುಟ, ಗೂಗಲ್‌ನ ಬಾಟ್ (ಪುಟಗಳನ್ನು ಓದಿಕೊಂಡು ಹೋಗುವ ತಂತ್ರಾಂಶ) ಬಂದರೆ ಇನ್ನೊಂದು.

ಮೊದಲು ಎಷ್ಟು ಹರಡಿದೆ ನೋಡಿ. ಗೂಗಲ್‌ನಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವಿಳಾಸ ಹೊಡೆಯಿರಿ. ಗೂಗಲ್ ಬಳಿ ಇರುವ ನಿಮ್ಮ ಪುಟಗಳು ಬರುತ್ತವೆ. ಅದರಲ್ಲಿ ಒಂದು ಜಪಾನಿ ಪುಟದ ವಿಳಾಸ ತೆಗೆದುಕೊಂಡು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್ಸ್‌ಪೆಕ್ಷನ್‌ಗೆ ಹಾಕಿ, 'ಟೆಸ್ಟ್ ಲೈವ್ ಯುಆರ್‌ಎಲ್' ಒತ್ತಿ. ಗೂಗಲ್‌ಗೆ ಕಾಣುವುದು ಅಲ್ಲಿ ಗೊತ್ತಾಗುತ್ತದೆ.

ಆಮೇಲೆ ಅಲ್ಲೇ ಸೆಟ್ಟಿಂಗ್ಸ್‌ನಲ್ಲಿ 'ಯೂಸರ್ಸ್ ಅಂಡ್ ಪರ್ಮಿಷನ್ಸ್' ತೆಗೆಯಿರಿ. ಗುರುತಿಲ್ಲದ ಇಮೇಲ್ ಓನರ್ ಆಗಿ ಇದೆಯಾ? ಈ ಹ್ಯಾಕ್ ಮಾಡುವವರು ತಮ್ಮನ್ನೇ ಮಾಲೀಕರಾಗಿ ಸೇರಿಸಿಕೊಳ್ಳುವುದುಂಟು.

ಕ್ಲೀನ್ ಮಾಡುವ ಮೊದಲು ಇಡೀ ಸೈಟಿನ ಬ್ಯಾಕಪ್ ತೆಗೆಯಿರಿ, ಹೊಲಸು ಸಮೇತ. ವರ್ಡ್‌ಪ್ರೆಸ್‌ನ ಮೂಲ ಫೈಲ್‌ಗಳನ್ನು ಅವರ ಅಧಿಕೃತ ಸೈಟಿನಿಂದ ಹೊಸದಾಗಿ ಇಳಿಸಿ ಬದಲಿಸಿ. ಥೀಮ್ (ಸೈಟಿನ ವಿನ್ಯಾಸ), ಪ್ಲಗಿನ್‌ಗಳನ್ನೂ ಹಾಗೇ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಚಿತ್ರಗಳಿರಬೇಕು, ಅಲ್ಲಿ ಪಿಎಚ್‌ಪಿ, ಅಂದರೆ ಕೋಡ್ ಇರುವ ಫೈಲ್ ಕಂಡರೆ ಅನುಮಾನಪಡಿ. ಸರ್ವರ್‌ಗೆ ಸೂಚನೆ ಕೊಡುವ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ನೀವೋ ವರ್ಡ್‌ಪ್ರೆಸ್ಸೋ ಬರೆಯದ ಸಾಲು ಇದೆಯಾ ನೋಡಿ. ವರ್ಡ್‌ಪ್ರೆಸ್ ಬಳಕೆದಾರರ ಪಟ್ಟಿಯಲ್ಲಿ ಹೊಸ ಅಡ್ಮಿನ್ ಸೇರಿದ್ದಾನಾ ನೋಡಿ. ಕೊನೆಗೆ ಹೋಸ್ಟಿಂಗ್, ಎಫ್‌ಟಿಪಿ (ಸೈಟಿಗೆ ಫೈಲ್ ಏರಿಸುವ ದಾರಿ), ಡೇಟಾಬೇಸ್, ವರ್ಡ್‌ಪ್ರೆಸ್, ಎಲ್ಲದರ ಪಾಸ್‌ವರ್ಡ್ ಬದಲಿಸಿ. ಒಂದನ್ನು ಬಿಟ್ಟರೂ ವಾಪಸ್ ಬರುತ್ತಾರೆ.

ಇಷ್ಟು ನಿಮ್ಮಿಂದ ಆಗದಿದ್ದರೆ ಹೋಸ್ಟಿಂಗ್‌ನವರಿಗೆ ಇವತ್ತೇ ಹೇಳಿ. ಒಂದು ಮಾತು ಕೇಳಲೇಬೇಕು: ಥೀಮ್ ಎಲ್ಲಿಂದ ಬಂತು?

ಅಡುಗೆ ಅಕ್ಕ: ಮಗನ ಫ್ರೆಂಡ್ ಹಾಕಿಕೊಟ್ಟಿದ್ದು. ದುಡ್ಡು ಕೊಡಬೇಕಾದ ಥೀಮ್, ಅವನು ಫ್ರೀಯಾಗಿ ತಂದುಕೊಟ್ಟ.

ಎಸ್‌ಇಒ ಮೇಡಂ: ಬಾಗಿಲು ಅಲ್ಲೇ ತೆರೆದಿರಬಹುದು. ಕದ್ದ ಥೀಮಿನೊಳಗೆ ಬೇರೆಯವರ ಕೋಡ್ ತುರುಕಿರುವುದು ತೀರಾ ಸಾಮಾನ್ಯ. ತೆಗೆದುಹಾಕಿ. ವರ್ಡ್‌ಪ್ರೆಸ್‌ನವರ ಉಚಿತ ಥೀಮ್‌ಗಳೇ ಬೇಕಾದಷ್ಟಿವೆ.

ಟೆಕ್ಕಿ ತಮ್ಮ: ಇಷ್ಟೆಲ್ಲ ಯಾಕೆ? ಬಾಟ್ ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲಿನಲ್ಲಿ ಆ ಫೋಲ್ಡರ್ ಬ್ಲಾಕ್ ಮಾಡಿ, ಸರ್ಚ್ ಕನ್ಸೋಲ್‌ನ ರಿಮೂವಲ್ಸ್ ಟೂಲ್‌ಗೆ ಹಾಕಿ. ಮುಗೀತು.

ಎಸ್‌ಇಒ ಮೇಡಂ: ಅಕ್ಕ, ದಯವಿಟ್ಟು ಇದನ್ನು ಮಾಡಬೇಡಿ. ರೋಬೋಟ್ಸ್‌ನಲ್ಲಿ ಅಡ್ಡಗಟ್ಟಿದರೆ ಗೂಗಲ್ ಆ ಪುಟಕ್ಕೆ ಹೋಗುವುದೇ ಇಲ್ಲ. ಪುಟ ಅಳಿಸಿದ್ದೀರಿ ಅನ್ನುವುದೂ ಅದಕ್ಕೆ ತಿಳಿಯುವುದಿಲ್ಲ, ವಿಳಾಸ ಪಟ್ಟಿಯಲ್ಲಿ ಉಳಿಯಬಹುದು. ರಿಮೂವಲ್ಸ್ ಟೂಲ್ ಸುಮಾರು 6 ತಿಂಗಳು ಮರೆಮಾಡುತ್ತದೆ, ಅಷ್ಟೇ. ಸೈಟಿನೊಳಗಿನ ಹೊಲಸು ಹಾಗೇ ಇರುತ್ತದೆ. ತಮ್ಮಾ, ಗೊತ್ತಿಲ್ಲದ್ದಕ್ಕೆ 'ಮುಗೀತು' ಅನ್ನಬೇಡ.

ಟೆಕ್ಕಿ ತಮ್ಮ: ನಾನೂ ಐಟಿಯಲ್ಲೇ ಇರೋದು ಮೇಡಂ.

ಹಳಗನ್ನಡಿಗ: ವಿಷಯ ಬದಲಿಸುತ್ತೇನೆ, ಕ್ಷಮಿಸಿ. ಪುಟದ ವಿಳಾಸ ಕನ್ನಡದಲ್ಲೇ ಇರಬೇಕೋ ಇಂಗ್ಲಿಷಿನಲ್ಲಿರಬೇಕೋ?

ಟೆಕ್ಕಿ ತಮ್ಮ: ಇಂಗ್ಲಿಷ್. ಕನ್ನಡ ಹಾಕಿದರೆ ಗೂಗಲ್‌ಗೆ ಅರ್ಥವಾಗಲ್ಲ.

ಹಳಗನ್ನಡಿಗ: ಬರಹ ಕನ್ನಡ, ಓದುಗರು ಕನ್ನಡಿಗರು. ವಿಳಾಸಕ್ಕೆ ಮಾತ್ರ ಇಂಗ್ಲಿಷ್ ಯಾಕೆ? ಈ ಕೀಳರಿಮೆಯಿಂದಲೇ ನಾವು ಹೀಗಿರುವುದು.

ಟೆಕ್ಕಿ ತಮ್ಮ: ಕೀಳರಿಮೆ ಅಲ್ಲ ಸಾರ್. ನಿಮ್ಮ ಕನ್ನಡ ಲಿಂಕ್ ಕಾಪಿ ಮಾಡಿ ಕಳಿಸಿದರೆ ಮೊಳದುದ್ದ ಶೇಕಡಾ ಚಿಹ್ನೆ ಬರುತ್ತದೆ. ವೈರಸ್ ಅಂದುಕೊಂಡು ಯಾರೂ ಒತ್ತಲ್ಲ.

ಹಳಗನ್ನಡಿಗ: ಒತ್ತದವರು ನನಗೆ ಓದುಗರೇ ಅಲ್ಲ.

ಚಾರಣಿಗ: ಹಾಗಾದರೆ ಬ್ಲಾಗ್ ಯಾಕೆ, ಡೈರಿ ಬರೆಯಿರಿ.

ಹಳಗನ್ನಡಿಗ: ಮಾತು ನೋಡಿಕೊಂಡು ಆಡಿ.

ಎಸ್‌ಇಒ ಮೇಡಂ: ಇಬ್ಬರೂ ಸುಮ್ಮನಿರಿ. ಗೂಗಲ್‌ಗೆ ಕನ್ನಡ ವಿಳಾಸ ಅರ್ಥವಾಗುತ್ತದೆ. ಆದರೆ ವರ್ಡ್‌ಪ್ರೆಸ್‌ಗೆ ಒಂದು ಮಿತಿ ಇದೆ. ವಿಳಾಸದಲ್ಲಿ ಶೀರ್ಷಿಕೆಯಿಂದ ಬರುವ ತುಂಡಿಗೆ 200 ಸ್ಥಾನ. ಶೇಕಡಾ ಚಿಹ್ನೆಯ ಸಂಕೇತಕ್ಕೆ ಬದಲಾದಾಗ ಕನ್ನಡದ ಒಂದು ಅಕ್ಷರ 9 ಸ್ಥಾನ ತಿನ್ನುತ್ತದೆ, ಕೊಂಬು ದೀರ್ಘ ಒತ್ತುಗಳ ಲೆಕ್ಕ ಬೇರೆ. ಹಾಗಾಗಿ ಉದ್ದ ಶೀರ್ಷಿಕೆ ನಡುವೆಯೇ ಕತ್ತರಿಸಿಹೋಗುತ್ತದೆ. ಕನ್ನಡ ಬೇಕೆಂದರೆ ಎರಡು ಮೂರು ಪದ ಇಡಿ. ಗೂಗಲ್‌ನ ಬ್ಲಾಗರ್ ಸೇವೆಯಲ್ಲಿ ಈ ಜಗಳವೇ ಇಲ್ಲ, ಅದು ಕನ್ನಡ ಅಕ್ಷರ ಬಿಟ್ಟು 'ಬ್ಲಾಗ್ ಪೋಸ್ಟ್' ಅಂತ ಏನೋ ಒಂದು ಹೆಸರಿಡುತ್ತದೆ. ಪ್ರಕಟಿಸುವ ಮೊದಲು ಕಸ್ಟಮ್ ಪರ್ಮಾಲಿಂಕ್‌ನಲ್ಲಿ ಇಂಗ್ಲಿಷ್ ಅಕ್ಷರದ ಹೆಸರು ಕೊಡಿ. ಹಳೆಯ ವಿಳಾಸಗಳನ್ನು ಮಾತ್ರ ಶೋಕಿಗೆ ಬದಲಿಸಬೇಡಿ. ಬದಲಿಸಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ ಶಾಶ್ವತವಾಗಿ ಕಳಿಸುವ 301 ರೀಡೈರೆಕ್ಟ್ ಇರಲಿ.

ಹೊಸ ಲೇಖನಿ: ಡೊಮೈನ್ ಅಥಾರಿಟಿ ಜಾಸ್ತಿ ಮಾಡುವುದು ಹೇಗೆ?

ಎಸ್‌ಇಒ ಮೇಡಂ: ಅದು ಸೈಟ್ ಎಷ್ಟು ಮೇಲೆ ಬರಬಹುದು ಅಂತ ಅಂದಾಜಿಸಿ ಮಾಜ್ ಎಂಬ ಕಂಪನಿ ಕೊಡುವ ಅಂಕ. ಗೂಗಲ್‌ನದಲ್ಲ.

ಹಳ್ಳಿ ಹುಡುಗ: ಕನ್ನಡ ಬ್ಲಾಗಿಗೆ ಗೂಗಲ್‌ನ ಆ್ಯಡ್‌ಸೆನ್ಸ್ ಜಾಹೀರಾತಿನಿಂದ ತಿಂಗಳಿಗೆ ಎಷ್ಟು ಬರುತ್ತದೆ ಮೇಡಂ?

ಗೃಹಿಣಿ: ಜನ ಇಂಗ್ಲಿಷ್ ಅಕ್ಷರದಲ್ಲಿ 'ಅಕ್ಕಿ ರೊಟ್ಟಿ ಮಾಡುವುದು ಹೇಗೆ' ಅಂತ ಹುಡುಕುತ್ತಾರಲ್ಲ, ಅವರಿಗೂ ಕಾಣಬೇಕಾದರೆ ಲೇಖನವನ್ನು ಇಂಗ್ಲಿಷ್ ಲಿಪಿಯಲ್ಲೂ ಬರೆಯಬೇಕಾ?

ಎಸ್‌ಇಒ ಮೇಡಂ: ಒಳ್ಳೆಯ ಪ್ರಶ್ನೆ. ಇಡೀ ಲೇಖನ ಬೇಡ, ಓದುವವರಿಗೆ ಹಿಂಸೆ. ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿಯಲ್ಲಿ ಕ್ವೆರೀಸ್ ನೋಡಿ. ಯಾರು ಯಾವ ಲಿಪಿಯಲ್ಲಿ, ಯಾವ ಕಾಗುಣಿತದಲ್ಲಿ ಹುಡುಕಿ ನಿಮ್ಮನ್ನು ತಲುಪಿದರು ಅಂತ ಅಲ್ಲಿ ಕಾಣುತ್ತದೆ. ಇಂಗ್ಲಿಷ್ ಲಿಪಿ ಜಾಸ್ತಿ ಇದ್ದರೆ ತಿಂಡಿಯ ಹೆಸರನ್ನು ಒಂದು ಸಲ ಆ ಲಿಪಿಯಲ್ಲಿ ಶೀರ್ಷಿಕೆಯಲ್ಲೋ ಮೊದಲ ಸಾಲಿನಲ್ಲೋ ಬರೆಯಿರಿ. ಒಂದೇ ಸಲ.

ಟೆಕ್ಕಿ ತಮ್ಮ: ಅದಕ್ಕೇ ಹೇಳೋದು, ಪೂರ್ತಿ ಇಂಗ್ಲಿಷಿನಲ್ಲೇ ಬರೆಯಿರಿ ಅಂತ. ಕನ್ನಡದಲ್ಲಿ ಹುಡುಕೋರು ಯಾರು?

ಹಳಗನ್ನಡಿಗ: ಅಡ್ಮಿನ್, ಇವರನ್ನು ಗುಂಪಿನಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ?

ರಾಗಿಮುದ್ದೆ: ನಾನು ಹುಡುಕುತ್ತೇನೆ. ನಮ್ಮಮ್ಮ ಫೋನಿಗೆ ಕನ್ನಡದಲ್ಲೇ ಮಾತಾಡಿ ಹುಡುಕುತ್ತಾರೆ. ಹೇಳಿ ತಮ್ಮ, ಯಾರು?

ಟೆಕ್ಕಿ ತಮ್ಮ: ಭಾವನಾತ್ಮಕವಾಗಿ ಮಾತಾಡಿದರೆ ಟ್ರಾಫಿಕ್ ಬರಲ್ಲ.

ಶುಭೋದಯ ಬಳಗ: ನನ್ನ ಫಾರ್ವರ್ಡಿಗೆ ಬೈದರು, ಈಗ ನೋಡಿ ಇವರದೇ ಜಗಳ.

ಅಡ್ಮಿನ್: ಭಾಷೆಯ ಜಗಳ ಇಲ್ಲಿಗೆ ಸಾಕು. ಮುಂದಿನ ಕಾಮೆಂಟ್ ಅಳಿಸುತ್ತೇನೆ.

ಹಳ್ಳಿ ಹುಡುಗ: ಆ್ಯಡ್‌ಸೆನ್ಸ್ ಪ್ರಶ್ನೆ ಬಾಕಿ ಇದೆ.

ದಿನಕ್ಕೊಂದು ಪದ್ಯ: ಮೇಡಂ ನನ್ನ ಬ್ಲಾಗ್ ಗೂಗಲ್‌ನಲ್ಲಿ ಬರುತ್ತಿಲ್ಲ. ಏನು ಮಾಡಲಿ?

ಎಸ್‌ಇಒ ಮೇಡಂ: ಚಾರಣಿಗರಿಗೆ ಹೇಳಿದ್ದು ಓದಿ.

ದಿನಕ್ಕೊಂದು ಪದ್ಯ: ನನ್ನದು ಬ್ಲಾಗರ್.

ಎಸ್‌ಇಒ ಮೇಡಂ: ಸೆಟ್ಟಿಂಗ್ಸ್‌ನಲ್ಲಿ 'ವಿಸಿಬಲ್ ಟು ಸರ್ಚ್ ಇಂಜಿನ್ಸ್' ಆನ್ ಇರಲಿ. ಉಳಿದದ್ದು ಅದೇ.

ದಿನಕ್ಕೊಂದು ಪದ್ಯ: ಪದ್ಯಗಳನ್ನು ಹೂವಿನ ಚಿತ್ರದ ಮೇಲೆ ಬರೆದು ಇಮೇಜ್ ಆಗಿ ಹಾಕುತ್ತೇನೆ. ಪರವಾಗಿಲ್ಲವಾ?

ಎಸ್‌ಇಒ ಮೇಡಂ: ಪದ್ಯವನ್ನು ಅಕ್ಷರವಾಗಿ ಕೆಳಗೆ ಟೈಪ್ ಮಾಡಿ. ಬರೀ ಚಿತ್ರ ಇದ್ದರೆ ಹುಡುಕಿಕೊಂಡು ಯಾರೂ ಬರುವುದಿಲ್ಲ.

ಹೊಸ ಲೇಖನಿ: ಮೆಟಾ ಕೀವರ್ಡ್ ಬಿಟ್ಟು ಲೇಬಲ್‌ನಲ್ಲಿ ಕೀವರ್ಡ್ ತುಂಬಬಹುದಾ?

ಎಸ್‌ಇಒ ಮೇಡಂ: ಇಲ್ಲ.

ಹೊಸ ಲೇಖನಿ: ಕಾಮೆಂಟ್‌ನಲ್ಲಿ?

ಅಡುಗೆ ಅಕ್ಕ: ಮೇಡಂ, ನೋಡಿದೆ. ಗುರುತಿಲ್ಲದ ಒಂದು ಇಮೇಲ್ ಓನರ್ ಅಂತ ಇದೆ. ಅದನ್ನು ತೆಗೆದರೆ ಸಾಕಾ?

ಎಸ್‌ಇಒ ಮೇಡಂ: ತೆಗೆಯಿರಿ, ಆದರೆ ಅಷ್ಟೇ ಸಾಲದು. ಹ್ಯಾಕರ್ ತನ್ನನ್ನು ಮಾಲೀಕ ಅಂತ ಸಾಬೀತು ಮಾಡಲು ಸೈಟಿನ ಮೂಲ ಫೋಲ್ಡರಿನಲ್ಲಿ ಒಂದು ಎಚ್‌ಟಿಎಂಎಲ್ ಫೈಲ್ ಇಟ್ಟಿರುತ್ತಾನೆ, ಹೆಸರು ಗೂಗಲ್ ಅಂತ ಶುರುವಾಗುತ್ತದೆ. ಅದನ್ನೂ ಅಳಿಸಿ, ಇಲ್ಲದಿದ್ದರೆ ಮತ್ತೆ ಸೇರಿಕೊಳ್ಳುತ್ತಾನೆ. ನಿಮ್ಮದೇ ಫೈಲ್ ಅಳಿಸಬೇಡಿ, ಎರಡೂ ಒಂದೇ ಥರ ಕಾಣುತ್ತವೆ. ಫೈಲ್ ಇಲ್ಲದಿದ್ದರೆ ಎಚ್‌ಟಿಆ್ಯಕ್ಸೆಸ್ ಮೂಲಕ ಹುಟ್ಟಿಸುತ್ತಿರಬಹುದು, ಅಲ್ಲಿ ನೋಡಿ. ಸೈಟ್‌ಮ್ಯಾಪ್ಸ್ ವಿಭಾಗದಲ್ಲಿ ನೀವು ಕೊಡದ ಸೈಟ್‌ಮ್ಯಾಪ್ ಇದ್ದರೆ ತೆಗೆಯಿರಿ. ಎಲ್ಲ ಕ್ಲೀನ್ ಆದ ಮೇಲೆ 'ಸೆಕ್ಯುರಿಟಿ ಇಶ್ಯೂಸ್'ನಲ್ಲಿ ಎಚ್ಚರಿಕೆ ಇದ್ದರೆ ರಿವ್ಯೂ ಕೇಳಿ, ಅದಕ್ಕೂ ಮೊದಲು ಕೇಳಬೇಡಿ. ಜಪಾನಿ ಪುಟಗಳು ಆಮೇಲೂ ಕೆಲವು ವಾರ ಕಾಣಬಹುದು, ಹೆದರಬೇಡಿ. ಥೀಮ್ ಹಾಕಿಕೊಟ್ಟ ಆ ಹುಡುಗನ ಕೈಗೆ ಮಾತ್ರ ಮತ್ತೆ ಪಾಸ್‌ವರ್ಡ್ ಕೊಡಬೇಡಿ.

ಅಡುಗೆ ಅಕ್ಕ: ಅವನೇ ರಿಪೇರಿ ಮಾಡಿಕೊಡುತ್ತೇನೆ ಅಂತ ಈಗ ಫೋನ್ ಮಾಡಿದ್ದ.

ಎಸ್‌ಇಒ ಮೇಡಂ: ಬೇಡ. ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ.

ಶುಭೋದಯ ಬಳಗ: ಅಕ್ಕ, ಹ್ಯಾಕ್ ತೆಗೆಯುವ ಪ್ಲಗಿನ್ ಒಂದು ಫಾರ್ವರ್ಡ್ ಬಂದಿದೆ, ಕಳಿಸಲಾ?

ಅಡ್ಮಿನ್: ಕಾಮೆಂಟ್‌ಗಳನ್ನು ಮುಚ್ಚಲಾಗಿದೆ.