ನಗರಕ್ಕೆ ಬಂದು 4 ತಿಂಗಳು, ಫಾರ್ಮಿನಲ್ಲಿ ಒಂದು ಸಾಲು ಇನ್ನೂ ಖಾಲಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ. ಮೊದಲ ಕೆಲಸಕ್ಕೆ ಅಂತ ದೊಡ್ಡ ನಗರಕ್ಕೆ ಬಂದು 4 ತಿಂಗಳಾಯಿತು. ಕಟ್ಟಡಗಳ ನಕ್ಷೆ ಮಾಡುವ ಆಫೀಸು. ಕೆಲಸ ಇಷ್ಟವಾಗಿದೆ, ಸಂಬಳವೂ ಸಾಕಾಗುತ್ತದೆ. ಆದರೂ ಏನೋ ಸರಿಯಿಲ್ಲ.

ಕಳೆದ ವಾರ ಆಫೀಸಿನಲ್ಲಿ ಒಂದು ಫಾರ್ಮ್ ತುಂಬಿಸಿಕೊಂಡರು. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಅದರಲ್ಲಿ ಎರಡು ಸಾಲು. ಮೊದಲನೆಯದರಲ್ಲಿ ಅಮ್ಮನ ನಂಬರ್ ಬರೆದೆ. ಎರಡನೆಯದು ‘ಇದೇ ನಗರದಲ್ಲಿರುವವರು’. ಪೆನ್ನು ಹಿಡಿದು ತುಂಬಾ ಹೊತ್ತು ಕೂತೆ. ಒಂದು ಹೆಸರೂ ಹೊಳೆಯಲಿಲ್ಲ. ಖಾಲಿ ಬಿಟ್ಟು ಕೊಟ್ಟೆ.

ಅದಕ್ಕೂ ಮುಂಚೆ ಒಮ್ಮೆ ಜ್ವರ ಬಂದು 3 ದಿನ ಮಲಗಿದ್ದೆ. ಬಾಗಿಲು ತಟ್ಟಿದವರು ಯಾರೂ ಇಲ್ಲ. ರಾತ್ರಿ ಮನೆಗೆ ಫೋನ್ ಮಾಡಿ ‘ಚೆನ್ನಾಗಿದ್ದೇನೆ’ ಅಂದೆ. ಬಾಡಿಗೆ ಕಡಿಮೆ ಅಂತ ಆಫೀಸಿಗೆ ದೂರದ ರೂಮು ಹಿಡಿದಿದ್ದೇನೆ. ಹೋಗಿ ಬರುವುದಕ್ಕೇ ಎರಡೂವರೆ ಗಂಟೆ ಬೇಕು. ಬಂದ ಮೇಲೆ ಮಲಗಿದರೆ ಸಾಕು ಅನ್ನಿಸುತ್ತದೆ.

ನನ್ನ ಸ್ವಭಾವವೇ ಹೀಗಾ, ಇಲ್ಲ ಎಲ್ಲರಿಗೂ ಹೀಗೇ ಆಗುತ್ತದಾ? ವಾಪಸ್ ಹೋಗಿಬಿಡಲಾ ಅಂತ ದಿನಾ ಯೋಚನೆ ಬರುತ್ತದೆ. ನೀವು ಹೊಸದಾಗಿ ಬಂದಾಗ ಏನು ಮಾಡಿದಿರಿ? ದಯವಿಟ್ಟು ಹೇಳಿ.

ಉತ್ತರ 1

ಇದು ನಿಮ್ಮ ಸ್ವಭಾವದ ತಪ್ಪಲ್ಲ. ಮೊದಲು ಅದನ್ನು ತಲೆಯಿಂದ ತೆಗೆಯಿರಿ. ನಾನು ನಗರಕ್ಕೆ ಬಂದು 9 ವರ್ಷವಾಯಿತು. ಮೊದಲ ವರ್ಷ ನನ್ನದೂ ಇದೇ ಪಾಡು. ಆ ಎರಡೂವರೆ ಗಂಟೆಯೂ ಸೇರಿ!

ಒಂದು ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ. ದಿನಕ್ಕೆ ಎರಡೂವರೆ ಗಂಟೆ, ತಿಂಗಳಿಗೆ 22 ದಿನ. ಒಟ್ಟು 55 ಗಂಟೆ. ಅಷ್ಟು ಹೊತ್ತು ಪ್ರತಿ ತಿಂಗಳೂ ಬಸ್ಸಿನಲ್ಲಿ ಕಂಬ ಹಿಡಿದು ನಿಂತಿರುತ್ತಿದ್ದೆ. ಬಾಡಿಗೆಯಲ್ಲಿ ಉಳಿಸಿದ ಹಣ ಕಣ್ಣಿಗೆ ಕಾಣುತ್ತಿತ್ತು. ಈ ಗಂಟೆಗಳು ಕಾಣುತ್ತಿರಲಿಲ್ಲ.

ಆಮೇಲೆ ಒಂದು ಅಧ್ಯಯನದ ಬಗ್ಗೆ ಓದಿದೆ. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ್ದು. ಹೊಸ ಜಾಗಕ್ಕೆ ಬಂದು 6 ತಿಂಗಳು ದಾಟದವರನ್ನು, ಅಂದರೆ ನಿಮ್ಮಂಥವರನ್ನೇ, ಅವರು ಕೇಳಿದ್ದರು. ಬರೀ ಪರಿಚಯ ಅನ್ನುವುದು ಸ್ನೇಹದ ಹತ್ತಿರ ಬರಲು ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು. ಸ್ನೇಹಿತ ಅನ್ನಿಸಿಕೊಳ್ಳಲು ಸುಮಾರು 90. ತುಂಬಾ ಹತ್ತಿರದವರಾಗಲು 200ಕ್ಕೂ ಜಾಸ್ತಿ. ಕೆಲಸದಲ್ಲಿ ಒಟ್ಟಿಗೆ ಕಳೆದ ಹೊತ್ತು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲವಂತೆ. ಅದನ್ನು ಓದಿ ನನಗೆ ಅಳುವೇ ಬಂತು. ಒಂದು ಪರಿಚಯ ಸ್ನೇಹದ ಹತ್ತಿರ ಬರುವಷ್ಟು ಹೊತ್ತನ್ನು ನಾನು ಪ್ರತಿ ತಿಂಗಳೂ ರಸ್ತೆಗೆ ಸುರಿಯುತ್ತಿದ್ದೆ ಅಲ್ವಾ?

ಆಫೀಸಿನ ಹತ್ತಿರ ರೂಮು ಹಿಡಿದೆ. ಮೊದಲಿನದರ ಅರ್ಧದಷ್ಟು ಜಾಗ, ಬಾಡಿಗೆ ಮಾತ್ರ ಜಾಸ್ತಿ. ಮೊದಲ ತಿಂಗಳು ಉಳಿದ ಹೊತ್ತೆಲ್ಲ ಸುಮ್ನೆ ಫೋನ್ ನೋಡುತ್ತಾ ಹೋಯಿತು. ಆಮೇಲೆ ಒಂದು ಬ್ಯಾಡ್ಮಿಂಟನ್ ಕೋರ್ಟಿಗೆ ಸೇರಿದೆ. ಪ್ರತಿ ಶನಿವಾರ ಬೆಳಿಗ್ಗೆ ಆರೂವರೆಗೆ, ಎರಡು ಗಂಟೆ. 6 ವಾರ ಯಾರೂ ನನ್ನ ಹೆಸರು ಕೇಳಲಿಲ್ಲ. ‘ಪಾಯಿಂಟ್ ಎಷ್ಟಾಯಿತು’ ಅನ್ನುವುದೇ ಮಾತು. 7ನೇ ವಾರ ಕಾಲು ಉಳುಕಿ ಹೋಗಲಿಲ್ಲ. ಮುಂದಿನ ವಾರ ಹೋದಾಗ ಬಾಗಿಲ ಹತ್ತಿರ ಶೂ ಕಟ್ಟುತ್ತಿದ್ದ ಒಬ್ಬರು ತಲೆ ಎತ್ತಿ, ‘ಹೋದ ವಾರ ಯಾಕೆ ಬರಲಿಲ್ಲ?’ ಅಂದರು. ನಾನು ಇಲ್ಲದ್ದನ್ನು ಆ ನಗರದಲ್ಲಿ ಗಮನಿಸಿದ ಮೊದಲ ಮನುಷ್ಯ ಅವರು. ಇವತ್ತಿಗೂ ಆ ಮಾತು ಕಿವಿಯಲ್ಲಿದೆ.

ವಾರಕ್ಕೆ 2 ಗಂಟೆ ಅಂದರೆ ವರ್ಷಕ್ಕೆ 100. ನನಗೆ ಹೆಚ್ಚುಕಡಿಮೆ ಅಷ್ಟೇ ಹಿಡಿಯಿತು. ಕೋರ್ಟಿಗೆ ಸೇರಿದ 14ನೇ ತಿಂಗಳಲ್ಲಿ ಅಪೆಂಡಿಕ್ಸ್ ಆಪರೇಷನ್ ಆಯಿತು. ಆ ರಾತ್ರಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಅವರೇ. ನಿಮಗಿನ್ನೂ 4 ತಿಂಗಳು. ಆ ಸಾಲು ಖಾಲಿ ಇರುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಇನ್ನೊಂದು ಮಾತು. ಜ್ವರ ಬಂದಿದ್ದನ್ನು ಅಮ್ಮನಿಗೆ ಹೇಳಿಬಿಡಿ. ನಾನೂ ಒಂದು ವರ್ಷ ‘ಚೆನ್ನಾಗಿದ್ದೇನೆ’ ಅನ್ನುತ್ತಲೇ ಇದ್ದೆ. ದನಿಯಲ್ಲೇ ಗೊತ್ತಾಗುತ್ತಿತ್ತು ಅಂತ ಅಮ್ಮ ಆಮೇಲೆ ಹೇಳಿದರು. ಕೇಳಿದರೆ ನನಗೆ ಬೇಜಾರಾಗಬಹುದು ಅಂತ ಅವರೂ ಸುಮ್ಮನಿದ್ದರಂತೆ. ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಂದು ವರ್ಷ ಕಳೆದೆವು.

ಉತ್ತರ 2

ಮೇಲಿನವರು ಹೇಳಿದ್ದು ನಿಜ. ಆದರೆ ಹತ್ತಿರ ಬಂದ ತಕ್ಷಣ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ನಾನು ಆಫೀಸಿನಿಂದ 10 ನಿಮಿಷದ ದಾರಿಯಲ್ಲಿದ್ದೆ. ‘ನಿಮ್ಮ ಮನೆ ಹತ್ತಿರ ಅಲ್ವಾ’ ಅಂತ ಕೊನೆಯ ಕೆಲಸವೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಎರಡು ವರ್ಷ ರಾತ್ರಿ ಹತ್ತರವರೆಗೂ ಅಲ್ಲೇ ಇರುತ್ತಿದ್ದೆ. ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ. ಕೊನೆಗೆ ಬುಧವಾರ ಸಂಜೆ ಈಜು ಕಲಿಯಲು ಹಣ ಕಟ್ಟಿದೆ. ‘ಏಳಕ್ಕೆ ಕ್ಲಾಸಿದೆ, ಹೊರಟೆ’ ಅನ್ನುವುದು ಸುಲಭವಾಯಿತು. ಯಾರೂ ಬೈಯಲಿಲ್ಲ. ರೂಮು ಬದಲಿಸುವ ಮುಂಚೆಯೇ ಇಂಥದ್ದೊಂದು ಗೊತ್ತು ಮಾಡಿಕೊಳ್ಳಿ.

ಹತ್ತಿರದ ಸ್ನೇಹಿತರೇ ಆಗಬೇಕು ಅಂತಲೂ ಇಲ್ಲ. ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರು ಬಹುಪಾಲು ದಿನಾ ಸಿಗುವವರಲ್ಲ, ಆಗಾಗ ಅಥವಾ ಅಪರೂಪಕ್ಕೆ ಸಿಗುವವರು. ನನಗೆ ಈಗಿನ ಕೆಲಸದ ಸುದ್ದಿ ಹೇಳಿದ್ದು ಈಜುಕೊಳದಲ್ಲಿ ‘ನೀರು ತಣ್ಣಗಿದೆ’ ಅಂತಷ್ಟೇ ಮಾತಾಡುತ್ತಿದ್ದ ಒಬ್ಬರು.

ಉತ್ತರ 3

ರೂಮು ಬದಲಿಸುವುದಾದರೆ ಎರಡು ಸಲ ಹೋಗಿ ನೋಡಿ. ಒಂದು ಸಲ ರಾತ್ರಿ ಒಂಬತ್ತರ ಮೇಲೆ. ಗಲಾಟೆ ಎಷ್ಟು, ಬೀದಿ ದೀಪ ಉರಿಯುತ್ತದಾ ಅಂತ ಆಗಲೇ ಗೊತ್ತಾಗುವುದು. ಎಲ್ಲ ನಲ್ಲಿ ತಿರುಗಿಸಿ. ಸಾಮಾನು ಇಡುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದು ಮಾಲೀಕರಿಗೆ ಅವತ್ತೇ ಕಳಿಸಿ. ನನ್ನ ಮೊದಲ ರೂಮಿನಲ್ಲಿ ಮುಂಚೆಯೇ ಇದ್ದ ತೇವದ ಕಲೆಗೆ ನನ್ನ ಅಡ್ವಾನ್ಸಿನಲ್ಲಿ ಹಣ ಹಿಡಿದರು. ಅದು ಹಳೆಯದು ಅನ್ನಲು ನನ್ನ ಹತ್ತಿರ ಏನೂ ಇರಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅಮ್ಮನಿಗೆ ಜ್ವರದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಯಾವ ಮಾತ್ರೆ ತಗೊಂಡೆ?’ ಅಂತ ಕೇಳಿದರು. ಒಂದು ಗಂಟೆ ಮಾತಾಡಿದೆವು.

ಭಾನುವಾರ ಒಂದು ರೂಮು ನೋಡಲು ಹೋಗುತ್ತೇನೆ. ನನಗೆ ಆಟ ಯಾವುದೂ ಬರುವುದಿಲ್ಲ. ಚಿತ್ರ ಬರೆಯುತ್ತೇನೆ, ಆದರೆ ಅದು ಒಬ್ಬಳೇ ಕೂತು ಮಾಡುವುದಲ್ವಾ?

ಉತ್ತರ 1

ಒಟ್ಟಿಗೆ ಪಾರ್ಕಿನಲ್ಲಿ, ಬೀದಿಯಲ್ಲಿ ಕೂತು ಚಿತ್ರ ಬರೆಯುವ ಗುಂಪುಗಳು ದೊಡ್ಡ ನಗರಗಳಲ್ಲಿ ಇರುತ್ತವೆ. ಹುಡುಕಿ. ಮೊದಲ ದಿನ ಯಾರೂ ಮಾತಾಡಿಸದಿದ್ದರೆ ಬಿಟ್ಟುಬಿಡಬೇಡಿ, 7 ವಾರ ಹೋಗಿ. ರೂಮು ನೋಡುವಾಗ ಬಾಗಿಲಿನ ಚಿಲಕ ಒಳಗಿನಿಂದ ಗಟ್ಟಿಯಾಗಿ ಬೀಳುತ್ತದಾ ನೋಡಿ. ಹೇಗಿತ್ತು ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.