ಗೋಡೆಗೆ ಕಚ್ಚಿಕೊಂಡ ಆಂಗಲ್ ಕಾಕ್: ಟೈಲ್ಸ್ ಒಡೆಯದೆ ಬಿಚ್ಚೋದು ಹೇಗೆ?

ಕೊಥ್ರೂಡ್ ಕನ್ನಡತಿ
ಪುಣೆಯಲ್ಲಿ ನಮ್ಮದು 1986ರ ಬಿಲ್ಡಿಂಗ್. ಹಳೇ ಗೀಸರ್ ಏನೋ ಇಳಿಸಿದ್ದಾಯ್ತು. ಅದರ ಕೆಳಗಿದ್ದ ಹಿತ್ತಾಳೆ ಆಂಗಲ್ ಕಾಕ್ (ಗೀಸರ್‌ಗೆ ನೀರು ಬಿಡುವ ನಲ್ಲಿ) ಮಾತ್ರ ಗೋಡೆಯೊಳಗಿನ ಜಿಐ ಎಲ್ಬೋ (ಸತು ಲೇಪಿಸಿದ ಕಬ್ಬಿಣದ ಪೈಪ್ ತಿರುವು) ಬಿಡುತ್ತಿಲ್ಲ. ಬೇಸಿಗೆಯಿಡೀ ಟ್ಯಾಂಕರ್ ನೀರು ಅಲ್ವಾ, ಸುತ್ತ ಬಿಳಿ ಉಪ್ಪು ಕಲ್ಲಾಗಿದೆ. ಎರಡು ದಿನ ತುಕ್ಕು ಸಡಿಲಿಸುವ ಎಣ್ಣೆ ಸ್ಪ್ರೇ ಡಬ್ಲ್ಯೂಡಿ-40 ಹೊಡೆದೆ. 10 ಇಂಚಿನ ಪೈಪ್ ಪಾನಾ ಹಾಕಿ ನೇತಾಡಿದೆ. ಕಾಕ್ ಮೈತುಂಬ ಹಲ್ಲಿನ ಗುರುತು, ಅಷ್ಟೇ. ಪ್ಲಂಬರ್ ಒಮ್ಮೆ ಇಣುಕಿ, ಟೈಲ್ಸ್ ಒಡೆಯಲೇಬೇಕು ಅಂದ. ಆ ಹಸಿರು ಟೈಲ್ಸ್ ಈಗ ಎಲ್ಲಿ ಸಿಗುತ್ತೆ? ನಮ್ಮತ್ತೆ ಬಚ್ಚಲ ಬಾಗಿಲಲ್ಲೇ ಕಾವಲು ನಿಂತಿದ್ದಾರೆ.

ಡೊಂಬಿವ್ಲಿ ಫಿಟ್ಟರ್
ಅಕ್ಕಾ, ಇನ್ನು ನೇತಾಡಬೇಡಿ. ಕಾಕ್ ಬದಲು ಒಳಗಿನ ಎಲ್ಬೋ ತಿರುಗಿದರೆ ಗೋಡೆಯೊಳಗೇ ಸೋರಲು ಶುರು.

ಆ ಕಾಲದಲ್ಲಿ ಥ್ರೆಡ್‌ಗೆ (ತಿರುಪಿನ ಗೆರೆಗಳಿಗೆ) ಸುತಳಿ ಸುತ್ತಿ, ಸೋರದಿರಲಿ ಅಂತ ಸಫೇದಾ ಅನ್ನೋ ಬಿಳಿ ಪೇಸ್ಟ್ ಬಳಿಯುತ್ತಿದ್ದರು. ಅದು ಒಣಗಿ ಸಿಮೆಂಟಿನಂತೆ ಆಗಿರುತ್ತೆ. ಎಣ್ಣೆ ಒಳಗೆ ಹೋಗೋದೇ ಇಲ್ಲ. ಇದಕ್ಕೆ ಬೆಂಕಿಯೇ ಮದ್ದು. ಮೇನ್ ವಾಲ್ವ್ ಮುಚ್ಚಿ, ಕಾಕ್ ತೆರೆದು ಒಳಗಿನ ನೀರು ಪೂರ್ತಿ ಇಳಿಸಿ. ನೀರು ಉಳಿದರೆ ಎಷ್ಟು ಕಾಯಿಸಿದರೂ ದಂಡ, ಆವಿಗೆ ಮುಖ ಸುಡುತ್ತೆ. ಟೈಲ್ಸ್ ಮೇಲೆ ಒದ್ದೆ ಗೋಣಿ ಇಡಿ. ಸಣ್ಣ ಗ್ಯಾಸ್ ಟಾರ್ಚ್‌ನಿಂದ ಗೋಡೆ ಹತ್ತಿರದ ಹಿತ್ತಾಳೆಯನ್ನಷ್ಟೇ ಕಾಯಿಸಿ. ಕೆಂಪಾಗೋದು ಬೇಡ. ಕಿಟಕಿ ತೆರೆದಿರಲಿ, ಹಳೇ ಸಫೇದಾದಲ್ಲಿ ಸೀಸ ಇರಬಹುದು.

ಕಬ್ಬಿಣಕ್ಕಿಂತ ಹಿತ್ತಾಳೆ ಜಾಸ್ತಿ ಹಿಗ್ಗುತ್ತೆ, ಆರುವಾಗ ಜಾಸ್ತಿ ಕುಗ್ಗುತ್ತೆ. ಹಿಡಿತ ಬಿಡೋದು ಆರಿದಾಗ, ಬಿಸಿಯಲ್ಲಲ್ಲ. ಆರಿದ ಮೇಲೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಬಿಡಲಿಲ್ಲವೆಂದರೆ ಮತ್ತೆ ಕಾಯಿಸಿ.

ಮಾಹಿಮ್ ಮಾಮ
ಕಾಕ್ ಮುರಿದು ತುಂಡು ಎಲ್ಬೋ ಒಳಗೇ ಉಳಿದರೆ? ನನಗೆ ಆಗಿದೆ. ಹ್ಯಾಕ್ಸಾ ಬ್ಲೇಡಿಗೆ ಬಟ್ಟೆ ಸುತ್ತಿ, ಒಳಗಿನ ತುಂಡನ್ನು ಎರಡು ಕಡೆ ಉದ್ದಕ್ಕೆ ಕೊಯ್ಯಿರಿ. ಎಲ್ಬೋದ ಥ್ರೆಡ್ ಕಂಡೊಡನೆ ನಿಲ್ಲಿಸಿ. ಸಣ್ಣ ಉಳಿಯಿಂದ ನಡುವಿನ ಪಟ್ಟಿಯನ್ನು ಒಳಕ್ಕೆ ಬಗ್ಗಿಸಿದರೆ ಉಳಿದದ್ದು ಸಡಿಲ.

ಇಂಗ್ಲೆಂಡಿನಲ್ಲಿ ಮಗಳ ಮನೆಯ ಬೀಡುಕಬ್ಬಿಣದ ರೇಡಿಯೇಟರ್‌ಗೂ (ಕೋಣೆ ಬೆಚ್ಚಗಿಡುವ ಬಿಸಿನೀರಿನ ಸಾಧನ) ಇದೇ ಗತಿ ಬಂದಿತ್ತು. ಅದರಲ್ಲಿ ಇನ್ನೊಂದು ತಮಾಷೆ: ಒಂದು ತುದಿಯ ಪ್ಲಗ್‌ಗೆ ಉಲ್ಟಾ ಥ್ರೆಡ್ ಇರಬಹುದು. ಅಳಿಯ ಅರ್ಧ ದಿನ ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಿದ್ದ! ನಿಮ್ಮ ಕಾಕ್‌ಗೆ ಆ ಕಾಟ ಇಲ್ಲ ಬಿಡಿ.

ಕೊಥ್ರೂಡ್ ಕನ್ನಡತಿ
ಭಾನುವಾರ ಇಲ್ಲಿನ ಹಾರ್ಡ್‌ವೇರ್ ಪೇಟೆ ಬೋಹ್ರಿ ಆಳಿಯಿಂದ ಟಾರ್ಚ್ ತಂದೆ. ಎರಡು ಸಲ ಕಾಯಿಸಿದಾಗ ಏನೂ ಆಗಲಿಲ್ಲ, ಸುಟ್ಟ ಗೋಣಿಯ ವಾಸನೆ ಮಾತ್ರ. ಮೂರನೇ ಸಲ ಆರಿದ ಮೇಲೆ ಬಿಗಿ ಕಡೆಗೆ ತಳ್ಳಿದೆ. ಟಕ್ ಅಂತು. ಎಲ್ಬೋನೇ ಹೋಯ್ತು ಅಂತ ಎದೆ ಧಸಕ್ಕೆಂದಿತು. ಇಲ್ಲ, ಕಾಕ್ ಬಿಟ್ಟಿತ್ತು! ಥ್ರೆಡ್‌ನಲ್ಲಿ ಕರಕಲಾದ ಸುತಳಿ ಹಾಗೇ ಇತ್ತು. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಟೆಫ್ಲಾನ್ ಟೇಪ್ ಸುತ್ತಿ ಹೊಸ ಅರ್ಧ ಇಂಚಿನ ಕಾಕ್ ಹಾಕಿದೆ. ರಾತ್ರಿಯಿಡೀ ಕೆಳಗೆ ಹಾಸಿದ್ದ ಪೇಪರ್ ಬೆಳಿಗ್ಗೆ ಒಣಗೇ ಇತ್ತು. ಒಂದು ಟೈಲ್ ಮೂಲೆ ಮಾತ್ರ ಸ್ವಲ್ಪ ಕಪ್ಪಾಗಿದೆ. ಅತ್ತೆಗೆ ಇನ್ನೂ ಹೇಳಿಲ್ಲ, ಅಲ್ಲೇ ಬಕೆಟ್ ಇಟ್ಟಿದ್ದೇನೆ.